ಎಡೆಗೆ ಕೆಂಪು ವೈನ್

ಮಹಾಲಯ ಅಮಾವಾಸ್ಯೆಯ ದಿನ ಮಲ್ಲತ್ತಹಳ್ಳಿಯ ವೈನ್ ಶಾಪಿನ ಸಾಲಿನಲ್ಲಿ ಹನುಮಯ್ಯನವರ ಮುಂದೆ ಅಣ್ಣ ತಂಗಿ ಇಬ್ಬರು ನಿಂತಿದ್ದರು. ತೀರಿಕೊಂಡ ಅಪ್ಪನ ಎಡೆಗೆ ಏನಿಡಬೇಕೆಂದು ಅವರಲ್ಲಿ ಮಾತು ನಡೆದಿತ್ತು.

“ಬ್ರಾಂದಿ ಇಡೋಣ ಕಣೇ. ಅದಕ್ಕೇ ತಾನೇ ಪ್ರಾಣ ಬಿಟ್ಟಿದ್ದು?”

“ಬ್ರಾಂದಿ ಬಿಟ್ಟು ವರ್ಷ ಆಗಿತ್ತಣ್ಣ. ಈ ಕೆಂಪು ವೈನ್ ತಗೋ. ಫ್ರಾನ್ಸಿನ ರೋನ್ ಕಡೆಯೋರ ಥರ ಮೂರು ದ್ರಾಕ್ಷಿ ಬೆರೆಸಿ ನಮ್ಮ ವೈನರೀಲೇ ಮಾಡಿದ್ದು. ನಾನು ಕೆಲಸ ಮಾಡೋ ಜಾಗ ನೋಡ್ಬೇಕು ಅಂತ ಅಪ್ಪ ಬಂದಿದ್ರಲ್ಲ, ಆಗ ಒಂದು ಗ್ಲಾಸ್ ಕೊಟ್ಟೆ.”

“ಒಂದೇ ಗುಟುಕಿಗೆ ಮುಗಿಸಿರ್ತಾರೆ.”

“ಇಲ್ಲ. ಅರ್ಧ ಗಂಟೆ ಹಿಡ್ಕೊಂಡು ಕೂತಿದ್ರು. ಮೊದಲು ನೇರಳೆ ಹಣ್ಣು, ಹಿಂದೇನೇ ಮೆಣಸು ಬರುತ್ತೆ ಕಣಮ್ಮ ಅಂತ ನಕ್ರು.”

“ನನಗ್ಯಾಕೆ ಹೇಳ್ಲಿಲ್ಲ?”

“ನಿನಗೂ ರುಚಿ ತೋರಿಸ್ಬೇಕು, ಬಾ ಅಂತ ಕರೆಯೋಕೆ ಅಲ್ಲಿಂದಾನೇ ಫೋನ್ ಮಾಡಿದ್ರು. ನೀನು ಎತ್ತಲಿಲ್ಲ.”

“ಕುಡಿದು ಫೋನ್ ಮಾಡ್ತಿದಾರೆ ಅಂದ್ಕೊಂಡೆ ಕಣೇ.”

ತಂಗಿ ತೋರಿಸಿದ ಬಾಟಲಿಯನ್ನೇ ಅವನು ಕೇಳಿ ತೆಗೆದುಕೊಂಡ. ಇಬ್ಬರೂ ಕೆರೆಯ ಕಡೆ ನಡೆದುಹೋಗುವವರೆಗೂ, ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹನುಮಯ್ಯನವರು ಸಂಕೋಚದಿಂದ ತಲೆಯೆತ್ತಲಿಲ್ಲ.