ಕೊನೆಯ ಬಾವಿಯ ಅತಿಥಿ

ಆ ಫೋನು ಕೆಳಗಿಡು, ಲಮೀಸ್. ಕೂಗಬೇಡ, ಇಡು. ಉಳಿದವರೂ ಹತ್ತಿರ ಬನ್ನಿ. ಇದು ನೀನು ಹಗಲೂ ರಾತ್ರಿ ತಿಕ್ಕುತ್ತೀಯಲ್ಲ, ಆ ಆಟದ ವಿಷಯವೇ. ಸಹರಿ ಊಟಕ್ಕೆ ಎಬ್ಬಿಸುವ ಡೋಲಿನವನು ಬರುವುದರೊಳಗೆ ಮುಗಿಸುತ್ತೇನೆ. ಯಾರೋ ಯಾರಿಗೋ ಹೇಳಿದ್ದಲ್ಲ... ನನ್ನ ದೊಡ್ಡಮ್ಮನ ಮಗ ಮುಂತಸಿರ್‌ಗೆ ಆದದ್ದು.

ಐದು ವರ್ಷದ ಹಿಂದಿನ ರಂಜಾನ್. ಹತ್ತೊಂಬತ್ತನೆಯ ರಾತ್ರಿ, ಗಂಟೆ ಎರಡು ಇರಬೇಕು. ಮುಂತಸಿರ್ ಲುವೈಬ್ದೆ ಗುಡ್ಡದ ಕಚೇರಿಯಿಂದ ಮೆಟ್ಟಿಲಿಳಿದು ತನ್ನ ಕೋಣೆಗೆ ಹೋಗುತ್ತಿದ್ದ. ಅರ್ಧ ದಾರಿಯಲ್ಲಿ ಬೀಗ ಹಾಕಿದ ಹಳೆ ಮನೆ ಇದೆಯಲ್ಲ, ನೀಲಿ ಬಾಗಿಲಿನದು? ಅದರ ಅಂಗಳದ ಗೋಡೆ ಬಿದ್ದುಹೋಗಿದೆ. ಬಾವಿ ಮೆಟ್ಟಿಲಿನ ಪಕ್ಕಕ್ಕೇ ಇದೆ. ಬಾಯಿಗೆ ಕಬ್ಬಿಣದ ಮುಚ್ಚಳ, ಸುತ್ತಲೂ ಬೆಸುಗೆ. ನಾವೆಲ್ಲ ಹುಟ್ಟುವ ಮೊದಲೇ ಮುಚ್ಚಿದ್ದು.

ಅಲ್ಲಿ ಅವನಿಗೆ ಕೇಳಿಸಿತು.

ಟುಕ್... ಟುಕ್-ಟುಕ್... ಟುಕ್.

ನಿಂತ. ಬೆಕ್ಕಿಲ್ಲ, ನಾಯಿಯಿಲ್ಲ. ಸದ್ದು ಮುಚ್ಚಳದ ಕೆಳಗಿನಿಂದ ಬರುತ್ತಿತ್ತು. ಅದು ಯಾವ ಸದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಅದನ್ನು ಮಾಡಿದವನು ಅವನೇ. ಕಚೇರಿಯ ಮೇಜನ್ನು ಬೆರಳಿನಿಂದ ತಟ್ಟಿ, ಧ್ವನಿ ಹಿಡಿದು, ಆಟಕ್ಕೆ ಸೇರಿಸಿದ್ದ. ಆಟ ಶುರುವಾಗುವ ಮೊದಲು, ಉಳಿದವರು ಬರಲಿ ಎಂದು ಕಾಯುವಾಗ ಬರುವ ಸದ್ದು ಅದು.

‘ಯಾವನೋ ಹುಡುಗ ಫೋನು ಬೀಳಿಸಿದ್ದಾನೆ’ ಅಂದುಕೊಂಡು ಹೊರಟ. ಬೆಸುಗೆ ಹಾಕಿದ ಬಾವಿಗೆ ಫೋನು ಹೇಗೆ ಬೀಳುತ್ತದೆ ಎನ್ನುವುದು ಹೊಳೆದದ್ದು ಹಾಸಿಗೆಯಲ್ಲಿ ಮಲಗಿದ ಮೇಲೆ.

ಆಟದ ಹೆಸರು ‘ಕೊನೆಯ ಬಾವಿ’. ಆರು ಜನ ಸೇರಿ ಮೂರು ವರ್ಷ ಕಣ್ಣು ಕೆಂಪು ಮಾಡಿಕೊಂಡು ಕಟ್ಟಿದ್ದು. ಇಪ್ಪತ್ತು ಜನ ಮರಳಿನ ಊರಿಗೆ ಇಳಿಯಬೇಕು, ಹೊಡೆದಾಡಬೇಕು, ಬಿರುಗಾಳಿ ಸುತ್ತಿಕೊಂಡು ಬರುತ್ತದೆ, ಬಾವಿಯ ಹತ್ತಿರ ಕೊನೆಗೆ ಉಳಿದವನು ಗೆದ್ದ. ಆಡುವುದು ಬಿಟ್ಟಿ. ಬಣ್ಣದ ಅಂಗಿ ಬೇಕೆಂದರೆ ಮಾತ್ರ ದಿನಾರು ಬಿಚ್ಚಬೇಕು. ಜನ ಸಾಲದಿದ್ದರೆ ಖಾಲಿ ಜಾಗಕ್ಕೆ ಯಂತ್ರದವರನ್ನು ತುಂಬುತ್ತಾರೆ. ಅವರೂ ಓಡುತ್ತಾರೆ, ಗುಂಡು ಹಾರಿಸುತ್ತಾರೆ, ಆದರೆ ಅಲ್ಲಿ ಯಾರೂ ಇರುವುದಿಲ್ಲ.

ಚಿತ್ರ ಬರೆಯುವವನು ಗಸ್ಸಾನ್ ಅಂತ, ಮಹಾ ಸೋಮಾರಿ. ಹೊಸ ಊರು ಯೋಚಿಸುವ ಬದಲು ಕಚೇರಿಯ ಕೆಳಗಿನ ಮೆಟ್ಟಿಲು, ನೀಲಿ ಬಾಗಿಲು, ಬಾವಿ, ಮುಚ್ಚಳ ಎಲ್ಲದರ ಫೋಟೋ ತೆಗೆದು ಇದ್ದ ಹಾಗೇ ಇಟ್ಟುಬಿಟ್ಟ.

ಈಗ ಕೇಳಿ. ಬೇರೆ ದೇಶದವರು ಇಂಥ ಆಟವನ್ನು ರಿಪೇರಿಗೆ ನಿಲ್ಲಿಸುವುದು ಬೆಳಗಿನ ಜಾವ. ನಮ್ಮಲ್ಲಿ ರಂಜಾನಿನಲ್ಲಿ ಅದು ಆಗದ ಮಾತು, ರಾತ್ರಿಯಿಡೀ ಆಡುವವರೆಲ್ಲ ಎದ್ದೇ ಇರುತ್ತಾರೆ. ಆಟ ಖಾಲಿಯಾಗುವುದು ಇಫ್ತಾರಿನ ಹೊತ್ತಿಗೆ ಮಾತ್ರ. ಆಜಾನ್ ಆಯಿತೋ, ಊರಿಗೆ ಊರೇ ಫೋನು ಬಿಟ್ಟು ಚಮಚ ಹಿಡಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಆಟಕ್ಕೆ ಹೊಸ ಸರಕು, ಅದೇ ಅಪ್‌ಡೇಟು, ಏರಿಸಿಬಿಡಬೇಕು. ಅದಕ್ಕೆ ಒಬ್ಬ ಕಚೇರಿಯಲ್ಲಿ ಉಳಿಯಬೇಕು.

ಯಾರು ಉಳಿಯುವುದು? ಹೇಳಬೇಕೇ?

“ನಿಂಗೇನಪ್ಪ ರಾಜ, ಹೆಂಡ್ತಿ ಇಲ್ಲ, ಅಮ್ಮನ ಬೈಗುಳ ಇಲ್ಲ,” ಎಂದ ಗಸ್ಸಾನ್, ಚಪ್ಪಲಿ ಹಾಕಿಕೊಳ್ಳುತ್ತಾ. “ನಾನು ಐದು ನಿಮಿಷ ಲೇಟಾದ್ರೆ ನಮ್ಮನೇಲಿ ನನ್ನನ್ನೇ ಹುರಿದು ತಿಂತಾರೆ.”

ಮುಂತಸಿರ್ ನಕ್ಕ. ಅವನಮ್ಮ, ಅಂದರೆ ನಮ್ಮ ದೊಡ್ಡಮ್ಮ, ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಅಪ್ಪ ಕುವೈತಿನಲ್ಲಿ, ಹೊಸ ಸಂಸಾರದಲ್ಲಿ. ಹತ್ತೊಂಬತ್ತು ದಿನದಿಂದ ಅವನು ಮೂರು ಖರ್ಜೂರ, ಒಂದು ಲೋಟ ನೀರು, ಒಂದು ಕಂಪ್ಯೂಟರ್ ಪರದೆ ಇಟ್ಟುಕೊಂಡು ಉಪವಾಸ ಬಿಡುತ್ತಿದ್ದ.

ಇಪ್ಪತ್ತನೆಯ ಸಂಜೆ. ಮಾಲೀಕ ಹೈಥಮ್ ಕಾರಿನಿಂದಲೇ ಫೋನು ಮಾಡಿದ. “ಆಟಕ್ಕೆ ಹಬ್ಬದ ಹೊಸ ಕಾಳಗ ಏರಿಸೋಕೆ ಇವತ್ತು, ನಾಳೆ, ಎರಡೇ ದಿನ. ನಾಳೆನೂ ಆಗ್ಲಿಲ್ಲ ಅಂದ್ರೆ ದುಡ್ಡು ಹಾಕಿರೋ ದುಬೈನೋರು ಕೈ ಬಿಡ್ತಾರೆ. ಆಮೇಲೆ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ಮನೆಗೆ ಹೋಗು.”

ಆಜಾನ್ ಆಯಿತು. ಕೆಳಗಿನ ಬೀದಿಯಲ್ಲಿ ಕೊನೆಯ ಟ್ಯಾಕ್ಸಿ ಬ್ರೇಕು ಕಿರುಗುಟ್ಟಿಸಿಕೊಂಡು ತಿರುಗಿ ಹೋಯಿತು. ಆಮೇಲೆ ಸದ್ದಿಲ್ಲ. ಎಲ್ಲ ಕಿಟಕಿಗಳಿಂದ ಚಮಚ ತಟ್ಟೆಗೆ ತಾಗುವ ಸದ್ದು ಮಾತ್ರ... ಟಿಣ್, ಟಿಣ್. ಪರದೆಯ ಮೇಲೆ ಆಡುವವರ ಲೆಕ್ಕ ಇಳಿಯುತ್ತಿತ್ತು. ಎಂಟು ಸಾವಿರ. ಆರುನೂರು. ನಲವತ್ತು.

ಒಂದು.

ಅಲ್ಲೇ ನಿಂತಿತು.

ಒಬ್ಬನಾದರೂ ಒಳಗಿದ್ದರೆ ಹೊಸ ಸರಕು ಏರುವುದಿಲ್ಲ. ಹೆಸರು ನೋಡಿದ: ‘ಅತಿಥಿ ೧೭’. ಹೆಸರು ಬರೆಸದೆ ಆಡಲು ಬಂದವರಿಗೆಲ್ಲ ಆಟವೇ ಕೊಡುವ ಹೆಸರು ಅದು, ವಿಶೇಷವೇನಿಲ್ಲ. ಹೊರಹಾಕುವ ಗುಂಡಿ ಒತ್ತಿದ. ಲೆಕ್ಕ ಸೊನ್ನೆಗೆ ಬಂತು. ಮೂರು ಎಣಿಸುವುದರೊಳಗೆ ಮತ್ತೆ ಒಂದು. ಮತ್ತೆ ಒತ್ತಿದ. ಮತ್ತೆ ಒಂದು. ಹತ್ತೊಂಬತ್ತು ಯಂತ್ರದವರ ನಡುವೆ ಒಬ್ಬನೇ ಒಬ್ಬ ಮನುಷ್ಯ.

ರೇಗಿಹೋಯಿತು ಅವನಿಗೆ. ತನ್ನ ಫೋನು ತೆಗೆದು ತಾನೇ ಆಟಕ್ಕೆ ಇಳಿದ.

ಮರಳೂರಿನಲ್ಲಿ ಯಂತ್ರದವರು ಗೋಡೆಗೆ ಮುಖಮಾಡಿ ನಿಂತಿದ್ದರು. ಒಬ್ಬರೂ ಗುಂಡು ಹಾರಿಸುತ್ತಿರಲಿಲ್ಲ. ಬಾವಿಯ ಪಕ್ಕದಲ್ಲಿ ಅತಿಥಿ ಕೂತಿದ್ದ. ಗಮನಿಸಿ... ಕೂತಿದ್ದ. ಆ ಆಟ ಕಟ್ಟಿದವರು ಕೂರುವ ಭಂಗಿಯನ್ನು ಮಾಡಿಯೇ ಇರಲಿಲ್ಲ. ಬಾವಿಯ ಮುಚ್ಚಳ ತೆರೆದಿತ್ತು. ಮುಚ್ಚಳವೋ ಬರೀ ಫೋಟೋ. ಮರುದಿನ ಕೇಳಿದಾಗ ಗಸ್ಸಾನ್ ಎದೆ ಮುಟ್ಟಿಕೊಂಡು ಹೇಳಿದ, “ಹಬೀಬಿ, ಅದು ತೆಗೆಯೋಕೆ ಬರಲ್ಲ. ಒಳಗೆ ನಾನೇನೂ ಮಾಡೇ ಇಲ್ಲ.”

ಮುಂತಸಿರ್ ಬರೆದ: “ಯಾರು?”

ಟುಕ್... ಟುಕ್-ಟುಕ್... ಆಮೇಲೆ ಅಕ್ಷರ ಮೂಡಿತು. “ಅತಿಥಿ.”

“ಇಫ್ತಾರ್ ಹೊತ್ತು. ಊಟಕ್ಕೆ ಹೋಗಲ್ವಾ?”

“ಯಾರೂ ಕರೀಲಿಲ್ಲ.”

ಮುಂತಸಿರ್‌ನ ಎದುರಿಗೆ ಖರ್ಜೂರದ ಮೂರು ಬೀಜ. ಅವನಿಗೆ ಅಳು ಬಂತು. ಭಯದಿಂದಲ್ಲ. ಅದನ್ನು ಅವನೇ ನನಗೆ ಹೇಳಿದ್ದು, ತಲೆ ತಗ್ಗಿಸಿಕೊಂಡು.

“ಎಷ್ಟು ದಿನದಿಂದ ಇಲ್ಲಿದೀಯ?”

ಅರ್ಧ ಗಂಟೆ ಮುಗಿಯುತ್ತಾ ಬಂದಿತ್ತು. ಜನ ಊಟ ಮುಗಿಸಿ ಮತ್ತೆ ಆಟಕ್ಕೆ ಬರತೊಡಗಿದ್ದರು. ನೂರು... ನಾನೂರು... ಅವನು ಬೇಗ ಬೇಗ ಬರೆದ: “ನಾಳೆ ನನ್ನ ಜೊತೆ ಊಟ ಮಾಡು.”

“ಎಲ್ಲಿ?”

“ಬಾವಿ ಹತ್ರಾನೇ.”

ಇದನ್ನು ಕೇಳಿದಾಗ ನಾನು ಬೈದೆ, “ನಿನ್ನ ತಲೆ ಕೆಟ್ಟಿತ್ತಾ? ಗುರುತಿಲ್ಲ, ಪರಿಚಯವಿಲ್ಲ, ದೆವ್ವಾನ ಊಟಕ್ಕೆ ಕರೀತಾರಾ?” ಅದಕ್ಕೆ ಅವನು, “ಅತಿಥಿ ಅಂತ ಹೆಸರು ಕೊಟ್ಟಿದ್ದು ನಾವೇ ತಾನೇ, ಸುಹೈಲಾ. ಎರಡು ಸಲ ಹೊರಗೆ ಹಾಕಿದ್ದೆ. ಇಫ್ತಾರ್ ಹೊತ್ತಲ್ಲಿ,” ಅಂದ.

ಮರುದಿನ ಅವನು ಬೇಳೆಯ ಸಾರು, ರೊಟ್ಟಿ, ಖರ್ಜೂರ, ನಾಲ್ಕು ಕತಾಯಿಫ್ ಕಡುಬು ಕಟ್ಟಿಸಿಕೊಂಡ. ಕೋಣೆಯಲ್ಲಿ ಇದ್ದದ್ದೇ ಎರಡು ಬಟ್ಟಲು, ಎರಡು ಚಮಚ. ಒಂದು ಚಮಚ ಪೇಟೆಯದು. ಇನ್ನೊಂದು ದೊಡ್ಡಮ್ಮನದು, ಹಿಡಿ ಮುರಿದಿದ್ದಕ್ಕೆ ಆಕೆಯೇ ತಾಮ್ರದ ತಂತಿ ಬಿಗಿದು ಸುತ್ತಿದ್ದು. ಕಚೇರಿಯ ಲ್ಯಾಪ್‌ಟಾಪ್ ಹೊತ್ತುಕೊಂಡು ಮೆಟ್ಟಿಲಿಗೆ ಬಂದು ಕೂತ. ಬಾವಿಯ ಮುಚ್ಚಳದ ಮೇಲೆ ಎರಡು ಕಡೆ ಬಡಿಸಿದ. ಅತಿಥಿಗೆ ಒಳ್ಳೆಯದನ್ನೇ ಕೊಡಬೇಕಲ್ಲ, ಅಮ್ಮನ ಚಮಚವನ್ನು ಆ ಕಡೆ ಇಟ್ಟ.

ಆಜಾನ್. ಮೆಟ್ಟಿಲು ಮೇಲಿನಿಂದ ಕೆಳಗಿನವರೆಗೆ ಖಾಲಿ. ಲ್ಯಾಪ್‌ಟಾಪಿನಲ್ಲಿ ಲೆಕ್ಕ ಇಳಿಯಿತು. ಮುನ್ನೂರು. ಇಪ್ಪತ್ತು. ಒಂದು.

“ಬಾ,” ಎಂದ ಮುಂತಸಿರ್, ಬರೆಯಲಿಲ್ಲ, ಬಾಯಲ್ಲೇ. “ಸಾರು ಆರಿಹೋಗುತ್ತೆ.”

ಒಂದು... ಒಂದು...

ಸೊನ್ನೆ.

ಹೊಸ ಸರಕಿನ ಹಸಿರು ಗೆರೆ ಏರತೊಡಗಿತು. ಮುಂತಸಿರ್ ತಲೆ ಎತ್ತಲಿಲ್ಲ. ತನ್ನ ಬಟ್ಟಲಿಗೆ ಕಣ್ಣು ನೆಟ್ಟು ಉಣ್ಣತೊಡಗಿದ. ಆಗ ಎದುರಿನ ಬಟ್ಟಲಿನಿಂದ... ಟಿಣ್. ಸ್ವಲ್ಪ ಹೊತ್ತಿಗೆ... ಟಿಣ್. ನಿಧಾನವಾಗಿ, ತುಂಬ ದಿನ ಹಸಿದವರು ನಾಚಿಕೆಯಿಂದ ಉಣ್ಣುವ ಹಾಗೆ.

“ಉಪ್ಪು ಸಾಕಾ?” ಎಂದು ಪಿಸುಗುಟ್ಟಿದ. ಅವನಿಗೂ ಮಾತಾಡಲು ಯಾರೋ ಬೇಕಿತ್ತು ನೋಡಿ.

ಸದ್ದು ನಿಂತಿತು. ಹಸಿರು ಗೆರೆ ತುಂಬಿತು. ಆಗ ಅವನು ತಲೆ ಎತ್ತಿದ. ಬಟ್ಟಲು ತೊಳೆದಿಟ್ಟ ಹಾಗೆ ಖಾಲಿ. ಚಮಚ ಇರಲಿಲ್ಲ. ಮುಚ್ಚಳ ಮುಚ್ಚಿದ ಹಾಗೇ ಇತ್ತು, ಬೆಸುಗೆಯ ತುಕ್ಕು ಕೂಡ ಅಲುಗಿರಲಿಲ್ಲ.

ಅಲ್ಲಿಂದ ಕಿತ್ತ ಓಟ ನೇರ ನಮ್ಮ ಮನೆಗೆ. ಎದುರು ಗುಡ್ಡ, ಕಾಲು ಗಂಟೆಯ ದಾರಿ. ನಾವಿನ್ನೂ ತಟ್ಟೆ ಎತ್ತಿರಲಿಲ್ಲ. ಅಮ್ಮ ಅವನ ಮುಖ ನೋಡಿ ನೀರು ಕೊಟ್ಟಳು, ಬೆನ್ನು ಸವರಿದಳು. ಎಲ್ಲ ಕೇಳಿದಳು. ಆಮೇಲೆ ಕೇಳಿದಳು, “ಅಲ್ವೋ ಮಗನೇ, ಇಷ್ಟು ಹತ್ರ ಇದ್ದೂ ಒಂದಿನಾನೂ ಇಫ್ತಾರ್‌ಗೆ ಬರ್ಲಿಲ್ಲ ಯಾಕೆ? ಮೊದಲ್ನೇ ದಿನದಿಂದ ಒಂದು ತಟ್ಟೆ ಜಾಸ್ತಿ ಹಾಕ್ತಾನೇ ಇದೀನಿ.”

ಮುಂತಸಿರ್ ಲೋಟ ಕೆಳಗಿಟ್ಟ.

“ಯಾರೂ ಕರೀಲಿಲ್ಲ, ಚಿಕ್ಕಮ್ಮ.”

ಅಮ್ಮ ನನ್ನ ಕಡೆ ತಿರುಗಿದಳು. ರಂಜಾನಿನ ಹಿಂದಿನ ದಿನ ಆಕೆ ನನಗೆ ಹೇಳಿದ್ದಳು, ಮುಂತಸಿರ್‌ಗೆ ಫೋನು ಮಾಡಿ ಮೂವತ್ತು ದಿನಕ್ಕೂ ಕರೆ ಅಂತ. ಮಾಡಿದೆ ಎಂದು ಸುಳ್ಳು ಹೇಳಿ ನಾನು ಮರೆತುಬಿಟ್ಟಿದ್ದೆ. ಆಗ ಕೈಯಲ್ಲಿದ್ದ ಫೋನಿನಲ್ಲಿ ಏನು ಮಾಡುತ್ತಿದ್ದೆ ಗೊತ್ತಾ? ಇದೇ ಆಟ. ಅವತ್ತಿನಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಈಗ ಅವನು ಪ್ರತಿ ವರ್ಷ ಇಲ್ಲೇ ಉಣ್ಣುತ್ತಾನೆ. ಲೆಕ್ಕ ಇಫ್ತಾರಿಗೆ ಸೊನ್ನೆಗೇ ಇಳಿಯುತ್ತದೆ. ಸುಳ್ಳೆಂದರೆ ಅವನನ್ನೇ ಕೇಳಿ, ಅಗೋ ಒಳಗೆ ಗೊರಕೆ ಹೊಡೆಯುತ್ತಿದ್ದಾನೆ. ವಲ್ಲಾಹಿ, ದೇವರಾಣೆ, ನಡೆದದ್ದು ನಡೆದ ಹಾಗೇ ಹೇಳಿದ್ದೇನೆ.

ಒಂದೇ ಒಂದು ಉಳಿದಿದೆ. ಆ ಆಟದಲ್ಲಿ ಕಂಡದ್ದನ್ನೆಲ್ಲ ಎತ್ತಿಕೊಳ್ಳಬಹುದು, ಬೀದಿಯ ಕಲ್ಲನ್ನು ಕೂಡ. ಅವತ್ತಿನಿಂದ ಅಲ್ಲಿರುವ ಒಂದು ವಸ್ತು ಮಾತ್ರ ಯಾರ ಕೈಗೂ ಬರುವುದಿಲ್ಲ. ತಾನು ಬರೆದದ್ದಲ್ಲ ಎಂದು ಗಸ್ಸಾನ್ ಈಗಲೂ ಹೇಳುತ್ತಾನೆ. ಅಳಿಸಿದರೂ ಮತ್ತೆ ಬರುತ್ತದಂತೆ.

ತೆಗೆ ಲಮೀಸ್, ಈಗ ನಿನ್ನ ಫೋನು ತೆಗೆ. ನೀಲಿ ಬಾಗಿಲಿಗೆ ಹೋಗು. ಬಾವಿಯ ಮುಚ್ಚಳದ ಮೇಲೆ, ಬಲಗಡೆ... ಚಮಚ ಇದೆಯಾ? ದೊಡ್ಡದು ಮಾಡಿ ಅದರ ಹಿಡಿಯನ್ನು ನೋಡು. ತಂತಿ ಸುತ್ತಿದೆ.