ಸೊಣ್ಣಮ್ಮ ನಿಂತ ಮೆಟ್ಟಿಲು

“ಸೈನ್ ಹಾಕೋಕೆ ನಿನ್ ಕೈಗೇನ್ ರೋಗ ಬಂದಿದ್ಯಾ? ಆರು ತಿಂಗಳಿಂದ ನಾಳೆ, ನಾಳಿದ್ದು ಅಂತೀಯ. ನಾನೇನ್ ಕೋತಿನಾ, ನೀನ್ ಕುಣಿಸ್ದಂಗೆ ಕುಣಿಯೋಕೆ?”

ಉಮೇಶ್ ಕಾಗದದ ಕಟ್ಟನ್ನು ಗಾಜಿನ ಕಪಾಟಿನ ಮೇಲೆ ಬಡಿದ. ಒಳಗಿದ್ದ ಬಳೆಗಳು ಅದುರಿದವು. ಅವನ ಅಪ್ಪ ಲಕ್ಕಣ್ಣ, ಎಪ್ಪತ್ತೆರಡರ ಮುದುಕ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮಳೆ ನೋಡುತ್ತಿದ್ದ.

“ನಾನ್ ಸತ್ತ ಮ್ಯಾಲೆ ಈ ಕಟ್ಟಡ ಒಡ್ಸ್ಕೊ, ಯಾರ್ ಬ್ಯಾಡ ಅಂದೋರು?”

“ನೀನ್ ಸಾಯೋವರ್ಗೂ ಬಿಲ್ಡರ್ ಕಾಯ್ತಾನಾ? ಸೋಮವಾರ ಹತ್ತು ಗಂಟೆಗೆ ಸೈನ್ ಆಗ್ಲಿಲ್ಲ ಅಂದ್ರೆ ಅವನು ಹೆಬ್ಬಾಳದ ಜಾಗಕ್ಕೆ ಹೋಗ್ತಾನೆ. ಹನ್ನೊಂದು ಮಹಡಿ ಅಪ್ಪಾ! ನಾಲ್ಕು ವರ್ಷದಿಂದ ಇದರ ಹಿಂದೆ ನಾಯಿ ತರ ಅಲೀತಿದೀನಿ.”

“ಉಮೇಶಣ್ಣ, ಮೆತ್ತಗೆ,” ಅಂದಳು ಅಂಗಡಿಯ ಬದರುನ್ನೀಸಾ. “ಇನ್ನೊಂದ್ಸಲ ಹಂಗೆ ಬಡಿದ್ರೆ, ಉಳಿದ ಬಳೆಯೆಲ್ಲ ನೀವೇ ತೊಟ್ಕೊಂಡು ಹೋಗ್ಬೇಕಾಗ್ತದೆ.”

ಬೆಂಗಳೂರಿನ ಹೊರವಲಯದ ಸಿಂಗಾಪುರವೆಂಬ ಊರಿನ ಕೆರೆಯಂಚಿನ ಸೊಣ್ಣಮ್ಮ ಶಾಪಿಂಗ್ ಸೆಂಟರಿನಲ್ಲಿ ಇನ್ನೂ ತೆರೆದಿದ್ದದ್ದು ಅವಳ ಬಳೆ ಅಂಗಡಿ ಒಂದೇ. ಮಿಕ್ಕ ನೂರಹನ್ನೆರಡು ಅಂಗಡಿಗಳು ಬಾಗಿಲೆಳೆದುಕೊಂಡು ಹೋಗಿದ್ದವು. ಸಂಜೆ ಐದೂವರೆಗೆ ಹಿಡಿದ ಮಳೆ ಗೇಟಿನ ಹತ್ತಿರ ಮೊಣಕಾಲುದ್ದ ನೀರು ನಿಲ್ಲಿಸಿಬಿಟ್ಟಿತ್ತು. ಅಪ್ಪ, ಮಗ, ಬದರುನ್ನೀಸಾ, ಕಟ್ಟಡದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಶೇಖರಪ್ಪ, ನಾಲ್ಕು ಜನ ಒಂದು ಚಾರ್ಜರ್ ಲೈಟಿನ ಸುತ್ತ ಸಿಕ್ಕಿಬಿದ್ದಿದ್ದರು. ಉಮೇಶನಿಗೆ ಮೈಯೆಲ್ಲ ಉರಿಯುತ್ತಿತ್ತು. ನೀರಿಲ್ಲದಿದ್ದರೆ ಎದ್ದು ಹೋಗುತ್ತಿದ್ದ.

“ಕೂತ್ಕೊ ಉಮೇಸ,” ಅಂದ ಲಕ್ಕಣ್ಣ. “ಯಾಕ್ ಸೈನ್ ಆಕ್ತಿಲ್ಲ ಅಂತ ಯೋಳ್ತೀನಿ. ಕೇಳಿದ್ ಮ್ಯಾಲೆ ನನ್ನ ಒಡೀಬೇಕು ಅನ್ಸಿದ್ರೆ ಒಡ್ದುಬಿಡು.”

ಉಮೇಶ್ ಕೂತ. ಮುದುಕ ಹೇಳತೊಡಗಿದ.

“ನಾವೀಗ ಕೂತಿದೀವಲ್ಲ... ಇದು ನಮ್ಮ ರಾಗಿ ಹೊಲದ ಕೊನೆ ಕಣ್ರಪ್ಪಾ, ಇಲ್ಲಿಂದ ಆಚೆ ಬರೀ ಕೆರೆ, ಮಳೆ ಜಾಸ್ತಿ ಆದ್ರೆ ನೀರು ಪೈರಿನ ಬುಡಕ್ಕೇ ಬರೋದು. ಮೊದ್ಲು ತಗಡಿನ ಸೀಟು ಒದಿಸಿ ಎಂಟು ಅಂಗಡಿ ಕಟ್ದೆ, ಒಂದು ಸೈಕಲ್ ಶಾಪು, ಒಂದು ಹಿಟ್ಟಿನ ಗಿರಣಿ, ಇವಳ ಅತ್ತೇದು ಬಳೆ ಅಂಗಡಿ. ಆಮ್ಯಾಕೆ ಏರ್‌ಪೋರ್ಟ್ ಬತ್ತದೆ ಅಂದ್ರು, ಸುತ್ತ ಲೇಔಟ್ ಎದ್ವು, ಸೀಟು ಕಿತ್ತು ಒಂದು ಮಹಡಿ ಎತ್ತಿದೆ, ಅದರ ಮ್ಯಾಲೆ ಇನ್ನೊಂದು, ಕಣ ಮುಚ್ಚಿ ಕಾರ್ ನಿಲ್ಸೋ ಜಾಗ... ಇಂಗೇ ಬೆಳೀತು. ನಮ್ಮೋಳ ಎಸ್ರೇ ಇಟ್ಟೆ. ಯಲಹಂಕದ ಕಡೆಯಿಂದೆಲ್ಲ ಜನ ಬರೋರು. ಅವಾಗ್ಲೇ ನಂಗೆ ಓಡೋ ಮೆಟ್ಲು, ಅದೇ ಎಸ್ಕಲೇಟರು, ಅದರ ಉಚ್ಚು ಹತ್ತಿದ್ದು.

“ಆಯುಧಪೂಜೆ ದಿನ ಶುರು ಮಾಡ್ಸ್ದೆ. ಟ್ರಾಕ್ಟರ್‌ಗೆ ಮಾಡಂಗೆ ಅದಕ್ಕೂ ಪೂಜೆ, ಅರಿಸಿನ ಕುಂಕುಮ, ಸೇವಂತಿಗೆ ಹಾರ, ಬೂದುಗುಂಬಳ, ಎಲ್ಲಾ. ಊರಿನ ಎಂಗಸ್ರು ಏನ್ ಮಾಡಿದ್ರು ಗೊತ್ತಾ? ಪೂಜೆ ಆಗಿರೋದನ್ನ ಚಪ್ಲೀಲಿ ತುಳಿಯೋದಾ ಅಂತ ಎಲ್ರೂ ಕೆಳಗೇ ಚಪ್ಲಿ ಬಿಟ್ಟು ಕೈ ಮುಗ್ದು ನಿಂತ್ರು. ಮೆಟ್ಲು ಮ್ಯಾಕೆ ಕರ್ಕೊಂಡೋಯ್ತು. ಚಪ್ಲಿ ಕೆಳಗೇ ಉಳೀತು!”

“ಮೂಟೆ ಕಟ್ಕೊಂಡು ನಾನೇ ಮೇಲೆ ಹೊತ್ತಿದ್ದು,” ಅಂದ ಶೇಖರಪ್ಪ. “ಯಾವ್ದು ಯಾರದು ಅಂತ ಸಂಜೆವರ್ಗೂ ಜಗಳ.”

ಉಮೇಶನಿಗೂ ನಗು ಬಂತು, ನುಂಗಿಕೊಂಡ.

“ನಿಮ್ಮಮ್ಮ ಮಾತ್ರ ಹತ್ತಲಿಲ್ಲ. ಬರಿಗಾಲಾದ್ರೂ ತುಳಿದಂಗೇ ತಾನೆ, ದೋಷ ಮಗನಿಗೆ ಬತ್ತದೆ ಅಂದ್ಲು. ಜನ ನಗ್ತವ್ರೆ, ನಂಗೆ ಕ್ವಾಪ... ಪೂಜೆ ಮಾಡ್ಸಿದೋನು ನಾನು, ನಾನ್ ಕೈ ಹಿಡ್ದು ಹತ್ತಿಸಿದ್ರೆ ದೋಷ ನಂದು, ಬಾರೇ, ಅಂದೆ. ಬಾಯಿಗೆ ಬಂದಿದ್ದು ಅಂದೆ ಅಷ್ಟೇ. ಅವ್ಳು ನಂಬ್ಬಿಟ್ಲು. ಅವತ್ತಿಂದ ಪ್ರತಿ ಶುಕ್ರವಾರ ಕರ್ಕೊಂಡೋಗಿ ಅನ್ನೋಳು. ಧಾರೆ ಎರೆದಾಗ ಹಿಡಿದಿದ್ದು ಬಿಟ್ರೆ ನಾಲ್ಕ್ ಜನರ ಎದ್ರಿಗೆ ನಾನ್ ಅವಳ ಕೈ ಹಿಡಿದಿದ್ದು ಆ ಮೆಟ್ಲ ಮ್ಯಾಲೇನೇ... ಎಷ್ಟೊತ್ತು? ಅರ್ಧ ನಿಮಿಷ. ಅಷ್ಟಕ್ಕೆ ಬೆಳಗ್ಗಿಂದ ತಲೆ ಬಾಚ್ಕೊಳ್ಳೋಳು.”

ಮಳೆ ಇನ್ನಷ್ಟು ಜೋರಾಯಿತು. ಲಕ್ಕಣ್ಣ ಸ್ಟೂಲನ್ನು ಒಳಕ್ಕೆ ಎಳೆದುಕೊಂಡ.

“ಅದೊಂದು ಶುಕ್ರವಾರ... ಮ್ಯಾಲೆ ಬ್ರೋಕರ್ ಕಾಯ್ತಿದ್ದ. ಇಲ್ಲೇ ಇರು, ಬಂದು ಕರ್ಕೊಂಡು ಓಯ್ತೀನಿ ಅಂತ ಅವಳನ್ನ ಕೆಳಗೆ ನಿಲ್ಸ್ದೆ. ಮ್ಯಾಲೆ ಮಾತಿಗೆ ಮಾತು ಬೆಳೀತು, ದೇವನಹಳ್ಳಿ ಕಡೆ ಜಮೀನೈತೆ ಅಂದ, ಹಿಂದ್ಗಡೆ ಮೆಟ್ಲಲ್ಲಿ ಇಳ್ದು ಅವನ ಕಾರು ಹತ್ತಿಬುಟ್ಟೆ. ಮರ್ತೋದೆ ಕಣ್ರಪ್ಪಾ... ಕಟ್ಕೊಂಡ ಎಂಡ್ರನ್ನ ನಿಲ್ಸಿ ಮರ್ತೋಗೋ ಗಂಡಸು ಇರ್ತಾನಾ? ಇವ್ನೆ, ನೋಡ್ಕೊಳ್ಳಿ.”

“ನಮ್ಮತ್ತೆ ಸ್ಟೂಲ್ ಕೊಟ್ಟಿದ್ರು,” ಬದರುನ್ನೀಸಾ ಮೆಲ್ಲಗೆ ಹೇಳಿದಳು. “ಕೂತ್ರೆ ಯಜಮಾನ್ರು ಮೇಲಿಂದ ನೋಡಿದಾಗ ನಾನ್ ಕಾಣಲ್ಲ ಅಂದ್ರಂತೆ ಅಮ್ಮ. ಬೆಳಗ್ಗೆ ಹನ್ನೊಂದರಿಂದ ನಿಂತಿದ್ರು. ಐದರ ಹೊತ್ತಿಗೆ ನಿಂತಲ್ಲೇ ಕುಸಿದ್ರು.”

ಉಮೇಶ್ ಎದ್ದು ನಿಂತ. “ಒಬ್ಬಳೇ ಬಂದಿದ್ಲು ಅಂದ್ಯಲ್ಲೋ ನನಗೆ! ಹೇಳ್ದೆ ಕೇಳ್ದೆ ಅಂಗಡಿ ಸುತ್ತೋಕೆ ಬಂದು ಸತ್ಲು ಅಂತ ಹನ್ನೊಂದು ವರ್ಷದಿಂದ ಅವಳನ್ನೇ ಬೈಕೊಂಡಿದೀನಿ!”

“ನಾನ್ ಅಂದಿದ್ದು ಸುಳ್ಳು.”

ಉಮೇಶನ ಕೈ ಮೇಲೆದ್ದಿತು. ಮುದುಕ ತಪ್ಪಿಸಿಕೊಳ್ಳಲಿಲ್ಲ. ಕೈ ಹಾಗೇ ಕೆಳಗಿಳಿಯಿತು.

“ಅವ್ಳು ಓಗಿ ಮೂರು ತಿಂಗಳಾಗಿತ್ತು ಅಷ್ಟೇ... ಮೆಟ್ಲು ತನಗೆ ತಾನೇ ಓಡಾಕೆ ಶುರುವಾಯ್ತು. ಮುಂದೆ ಜನ ನಿಂತ್ರೆ ಮಾತ್ರ ಓಡೋ ಮೆಷೀನು ಅದು, ಅಲ್ವಾ ಶೇಖರಪ್ಪ?”

“ನಾಲ್ಕು ಸಲ ಸೆನ್ಸರ್ ಬದಲಾಯ್ಸಿದೆ ಯಜಮಾನ್ರೇ. ನಿಲ್ಲಲಿಲ್ಲ.”

“ಆಮ್ಯಾಕೆ ಜನ ಯೋಳಾಕೆ ಶುರು ಮಾಡಿದ್ರು. ಕೆಳಗೊಬ್ರು ಅಮ್ಮ ನಿಂತವ್ರೆ, ಕೈ ಚಾಚ್ತಾರೆ, ಪಾಪ ವಯಸ್ಸಾದೋರು ಅಂತ ಹಿಡ್ಕೊಂಡು ಹತ್ತಿಸಿದ್ರೆ ಮ್ಯಾಕೋಗೋ ಅಷ್ಟೊತ್ಗೆ ಕೈ ಖಾಲಿ... ಯಾರ್ಯಾರಿಗೋ ಕಂಡ್ಲು. ಸಿನಿಮಾಕ್ಕೆ ಬಂದೋರಿಗೆ ಕಂಡ್ಲು, ಸಹಕಾರನಗರದಿಂದ ಬಟ್ಟೆಗೆ ಬಂದ ಮದುವೆ ಮನೆಯೋರಿಗೆ ಕಂಡ್ಲು. ನಂಗೆ? ಹನ್ನೊಂದು ವರ್ಷ ದಿನಾ ಆ ಮೆಟ್ಲ ಕೆಳಗೆ ಕೂತಿವ್ನಿ. ಒಂದ್ಸಲ ಬಂದು ಉಗಿದು ಓಗೇ ಅಂತ ಬೇಡ್ಕೊಂಡಿವ್ನಿ. ಒಂದಿನಾನೂ ಕಾಣಲಿಲ್ಲ...

“ಓದ ವಾರ ತಿಳೀತು ಯಾಕೆ ಅಂತ. ಅವ್ಳು ಮ್ಯಾಕೆ ನೋಡ್ಕೊಂಡು ನಿಂತವ್ಳೆ. ನಾನು ಮ್ಯಾಲಿಂದ ಬರ್ಬೇಕಾದೋನು. ಅವತ್ತಿಂದ ನಾನು ಆ ಮಹಡಿಗೆ ಕಾಲೇ ಇಕ್ಕಿಲ್ಲ, ಧೈರ್ಯ ಸಾಲ್ದೆ. ಕೆಳಗೆ ಅವಳ ಬೆನ್ನ ಹಿಂದೆ ಕೂತ್ಕೊಂಡ್ರೆ ಎಂಗ್ ಸಿಕ್ತಾಳೆ? ನೀನು ಇದನ್ನ ಒಡೀತೀಯ. ನಕ್ಷೆ ಬಿಚ್ಚು ಉಮೇಸ, ಆ ಹನ್ನೊಂದು ಮಹಡಿಯೊಳಗೆ ನಿಮ್ಮಮ್ಮ ಎಲ್ಲಿ ನಿಲ್ತಾಳೆ, ತೋರ್ಸು.”

ಉಮೇಶ್ ನಕ್ಷೆ ಬಿಚ್ಚಲಿಲ್ಲ. ತಲೆ ಬಾಚಿಕೊಂಡು ಹೊರಟ ಅಮ್ಮನ ಮುಖವೊಂದೇ ಕಣ್ಣ ಮುಂದೆ ನಿಂತಿತ್ತು.

“ಕತೆ ಶುರು ಮಾಡ್ದಾಗಿಂದ ಓಡ್ತಾನೇ ಐತೆ,” ಅಂದ ಲಕ್ಕಣ್ಣ. “ನಿಮಗೆ ಕೇಳಿಸ್ತಿಲ್ವಾ?”

ಆಗ ಕೇಳಿಸಿತು. ಮಳೆಯ ಕೆಳಗೆ, ಒಂದೇ ಸಮನೆ, ಹಲ್ಲು ಕಡಿದಂತೆ ಸಣ್ಣ ಗರಗರ ಸದ್ದು.

“ಯಜಮಾನ್ರೇ,” ಶೇಖರಪ್ಪ ಪಿಸುಗುಟ್ಟಿದ, “ಕರೆಂಟಿನೋರು ಮೀಟರ್ ಕಿತ್ಕೊಂಡು ಹೋಗಿ ನಾಲ್ಕು ದಿನ ಆಯ್ತು.”

ಲಕ್ಕಣ್ಣ ಎದ್ದ. ಪಂಚೆ ಸರಿಮಾಡಿಕೊಂಡ. ತಲೆಯ ಮೇಲೆ ಎರಡು ಸಲ ಕೈಯಾಡಿಸಿಕೊಂಡ.

“ಕಾಗದ ಅಲ್ಲೇ ಇರ್ಲಿ. ಬಂದು ಆಕ್ತೀನಿ. ಮೊದ್ಲು ಅವಳ್ನ ಕರ್ಕೊಂಡು ಬತ್ತೀನಿ.”

ಉಮೇಶ್ ಹೋಗಬೇಡ ಅನ್ನಬಹುದಿತ್ತು. ಹಾಳಾದ ಸಿಟ್ಟು ಬಿಡಲಿಲ್ಲ. ಅಪ್ಪ ಕತ್ತಲಲ್ಲಿ ಹಿಂದಿನ ಮೆಟ್ಟಿಲು ಹತ್ತುವ ಸದ್ದು ಒಂದೊಂದಾಗಿ ಕೇಳಿತು. ಮೇಲಿನ ಮಹಡಿಯ ಉದ್ದಕ್ಕೂ ಆ ಹೆಜ್ಜೆಗಳು ನಡೆದು ಬಂದವು. ನಿಂತವು. ಗರಗರ ಸದ್ದೂ ನಿಂತಿತು.

ಉಮೇಶ್ ಪೆನ್ನು ಹಿಡಿದು ಕಾದ. ಮಳೆ ಬಿಟ್ಟಿತು, ಗೇಟಿನ ನೀರು ಇಳಿಯಿತು, ಶೇಖರಪ್ಪ ಲೈಟು ಹಿಡಿದು ಮೇಲಿನ ಮಹಡಿಯೆಲ್ಲ ಹುಡುಕಿ ಒಬ್ಬನೇ ಇಳಿದು ಬಂದ, ಬದರುನ್ನೀಸಾ ಬಳೆಗಳನ್ನು ಪೆಟ್ಟಿಗೆಗೆ ತುಂಬಿ ಮುಗಿಸಿದಳು. ಸೋಮವಾರ ಹತ್ತು ಗಂಟೆಯೂ ಬಂದು ಹೋಯಿತು. ಲಕ್ಕಣ್ಣ ಇಳಿದು ಬರಲಿಲ್ಲ.