ಟೀವಿಯ ಎದುರಿನ ಕರೆಂಟು ಕುರ್ಚಿ

ಒಂದು ಊರಿನಲ್ಲಿ ಒಬ್ಬ ಅನುಕೂಲಸ್ಥ. ಎಂಥ ಅನುಕೂಲಸ್ಥ ಅಂತೀರಿ? ತಾಯಿಗೆ ಮಂಡಿನೋವು ಎಂದ ಕೂಡಲೇ ಕರೆಂಟಿನ ಕುರ್ಚಿಯನ್ನೇ ತರಿಸಿದವನು! ಒಂದು ಗುಂಡಿ ಒತ್ತಿದರೆ ಬೆನ್ನು ಒರಗುತ್ತದೆ, ಕಾಲು ಮೇಲೇಳುತ್ತದೆ. ಇನ್ನೊಂದು ಒತ್ತಿದರೆ ಕೂತವರನ್ನು ಮೆಲ್ಲಗೆ ಎತ್ತಿ ನಿಲ್ಲಿಸುತ್ತದೆ. ನೋಡಿ, ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಹಾಲ್‌ನಲ್ಲಿ ಟೀವಿಯ ಎದುರಿಗೆ ಇಟ್ಟರು.

ತಾಯಿ ಕೂತಳು. ಮಗ ಗುಂಡಿ ಒತ್ತಿದ. ಕಾಲು ಎದ್ದದ್ದೇ ತಡ, "ಅಯ್ಯಯ್ಯೋ, ಇಳಿಸೋ, ಇಳಿಸೋ!" ಎಂದು ಕೂಗಿಕೊಂಡಳು. ಯಾಕೆ? ಟೀವಿಯ ಪಕ್ಕದಲ್ಲೇ ದೇವರ ಕೋಣೆ. ಆಕೆಯ ಎರಡೂ ಪಾದ ನೆಟ್ಟಗೆ ದೇವರ ಕಡೆಗೆ!

"ಮನೆದೇವರ ಮುಖಕ್ಕೆ ಕಾಲು ಚಾಚ್ಕೊಂಡು ಮಲಗ್ಲಾ? ನಂಗಿದು ಬೇಡಪ್ಪ."

"ಬೇಡ ಅಂದ್ರೆ ಬಿಡು" ಎಂದ ಮಗ. ಮುಗಿಯಿತು! ತಾಯಿ ಮತ್ತೆ ನೆಲದ ಮೇಲಿನ ಮಣೆಗೆ, ಮಗ ಆ ಕುರ್ಚಿಗೆ. ಬಂದವರಿಗೆಲ್ಲ ಹೇಳುತ್ತಿದ್ದ, "ಅಮ್ಮಂಗೆ ಅಂತಾನೇ ತಂದೆ, ಕೂರಲ್ಲ ನೋಡಿ. ಭಾರೀ ಹಠ."

ಒಂದು ಭಾನುವಾರ ಅವನು ಕಾಲು ಮೇಲೆ ಮಾಡಿಕೊಂಡು ಕ್ರಿಕೆಟ್ ನೋಡುತ್ತಿದ್ದ. ಮಣೆಯ ಮೇಲೆ ಹೂಬತ್ತಿ ಹೊಸೆಯುತ್ತಿದ್ದ ತಾಯಿ ಏಳಲು ಹೋಗಿ ಅರ್ಧಕ್ಕೇ ನಡುಗಿದಳು. "ಮಗಾ, ಕೈ ಕೊಡೋ." ಮಾರು ದೂರ, ಅಷ್ಟೇ ರೀ! ಅವನು ಗುಂಡಿ ಒತ್ತಿ, "ತಡಿಯಮ್ಮಾ, ಕುರ್ಚಿ ಇಳೀಲಿ" ಎಂದ. ಕೇಳಿದಿರಾ? ಹೆತ್ತ ತಾಯಿ ಬೀಳುತ್ತಿದ್ದಾಳೆ, ಕುರ್ಚಿ ಇಳಿಯಲಿ ಎಂದ! ಅದೋ, ನಿಧಾನಕ್ಕೆ ಇಳಿಯುತ್ತಲೇ ಇತ್ತು. ತಾಯಿ ದೊಪ್ಪೆಂದು ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಸದ್ದು ಕೇಳಿ ಪಕ್ಕದ ಮನೆಯಾಕೆ ಓಡಿ ಬಂದಳು. ಆಂಬುಲೆನ್ಸಿಗೆ ಫೋನು ಮಾಡಿ, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

"ಇಂಥಾ ಕುರ್ಚಿ ಇಟ್ಕೊಂಡು ಅಮ್ಮನ್ನ ನೆಲದ ಮೇಲೆ ಯಾಕೆ ಕೂರಿಸಿದ್ರಿ ಅಣ್ಣಾ?"

"ದೇವರ ಕಡೆ ಕಾಲು ಬರತ್ತೆ ಅಂತ ಒಪ್ಲಿಲ್ಲಮ್ಮ."

"ಕುರ್ಚಿನ ಬೇರೆ ಕಡೆ ತಿರುಗಿಸಿದ್ರೆ ಆಗ್ತಿತ್ತಲ್ಲ?"

"ಬೇರೆ ಕಡೆ ತಿರುಗಿಸಿದ್ರೆ ಟೀವಿ ಕಾಣಲ್ಲ" ಎಂದುಬಿಟ್ಟ.

ಎಂದುಬಿಟ್ಟ! ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಬಿದ್ದು, ಗರ ಬಡಿದವನಂತೆ ನಿಂತ. ನೆಲದ ಮೇಲಿದ್ದ ತಾಯಿ ಮುಖ ಆಚೆಗೆ ತಿರುಗಿಸಿಕೊಂಡಳು.

ಶಿವ ಶಿವಾ! ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ. ಅವನೇನು ಕಟುಕನೇ? ಅಲ್ಲ. ನಮ್ಮ ನಿಮ್ಮ ಹಾಗೆಯೇ ಒಬ್ಬ ಮಗ. ಅದಕ್ಕೇ ನನಗೆ ಭಯ. ಯಾಕೆ ಎಲ್ಲರೂ ತಲೆ ತಗ್ಗಿಸಿದಿರಿ? ಮನೆಯ ಹಿರಿಯರು ಬೇಡ ಎಂದಾಗ ಯಾಕೆ ಬೇಡ ಎಂದು ಎಷ್ಟು ಜನ ಕೇಳಿದ್ದೀರಿ? ಎದೆ ಮುಟ್ಟಿಕೊಂಡು ಹೇಳಿ. ಅವರದು ಹಠ ಎಂದು ಊರಿಗೆಲ್ಲ ಹೇಳಿದವರೇ ಹೆಚ್ಚು, ಅಲ್ಲವೇ?

ಇವತ್ತು ಮನೆಗೆ ಹೋದವರೇ ಟೀವಿ ಆರಿಸಿ. ಅವರು ಎಲ್ಲಿ ಕೂತಿದ್ದಾರೋ ಅಲ್ಲೇ ಹೋಗಿ ಕೂತು, ನಿಮಗೆ ಯಾವುದು ಕಷ್ಟವಾಗುತ್ತಿದೆ ಎಂದು ಕೇಳಿ. ಅವರು ಹೇಳಿದ್ದನ್ನು ನಾಳೆಗೆ ದೂಡಬೇಡಿ, ಮಲಗುವ ಮೊದಲೇ ಮಾಡಿ. ಅವರು ಕೂಗಿದರೆ, ಹೇಗಿದ್ದೀರೋ ಹಾಗೇ ಎದ್ದು ಓಡಿ ಹೋಗಿ ಕೈ ಹಿಡಿಯಿರಿ.